ದರಪಟ್ಟಿ

ಈ ಊರಿನ ಹಸಿವನ್ನೆಲ್ಲ ಒಂದು ಕಾಲಕ್ಕೆ ನಾನೇ ಬರೆದದ್ದು.
ಬಿ.ಎಚ್. ರಸ್ತೆಯ ಉದ್ದಕ್ಕೂ, ದುರ್ಗಿಗುಡಿಯ ಸಂದಿಗಳಲ್ಲಿ,
ಕಪ್ಪು ಹಲಗೆ, ಹಳದಿ ಎನಾಮಲ್ಲು:
ಇಡ್ಲಿ ಎರಡು, ವಡೆ ಒಂದು, ಖಾಲಿ ದೋಸೆ,
ಪಕ್ಕದಲ್ಲಿ ಚುಕ್ಕಿ ಚುಕ್ಕಿ ಚುಕ್ಕಿ, ಕೊನೆಗೆ ಕಾಸು.
ಯುಗಾದಿ ಕಳೆದರೆ ಸೀಮೆಎಣ್ಣೆ ಬಟ್ಟೆ ಹಿಡಿದು ಮತ್ತೆ ಏಣಿ,
ಎಂಟನ್ನು ಒರೆಸಿ ಹತ್ತು ಮಾಡಲು.
ಇಡ್ಲಿ ಹಾಗೇ ಇರುತ್ತಿತ್ತು.

ಜಸಿಂತಾ ಬಂದು ಕೇಳಿದಳು: ಕುಬೇರಣ್ಣ, ಒಂದು ಬೋರ್ಡು.
ಏನೇನು ಬರೀಲಿ?
ಏನೂ ಬೇಡ. ಬಾಗಿಲ ನಂಬರು ಸಾಕು.
ಏನು ಸಿಗತ್ತೆ ಅಂತ?
ಬಂದೋರಿಗೆ ಗೊತ್ತಾಗತ್ತೆ.
ಕೂಲಿಗೆ ಬದಲು ಒಂದು ಊಟ ಅಂದಳು. ಒಪ್ಪಿದೆ,
ನಡುಗುವ ಕೈಗೆ ಎರಡು ಅಂಕಿ ಭಾರವೇನಲ್ಲ.

ಹಳೇ ಅಚ್ಚುಕೂಟದ ಶೆಡ್ಡು. ಹತ್ತು ಸ್ಟೂಲು, ಉದ್ದಕ್ಕೆ ಒಂದು ಮೇಜು,
ಮೇಜಿನಾಚೆ ಒಲೆ. ಗೋಡೆಯಿಲ್ಲ, ಪರದೆಯೂ ಇಲ್ಲ.
ಎಡಕ್ಕೆ ಒಬ್ಬ ದಂತವೈದ್ಯ, ಬಲಕ್ಕೆ ಮದುವೆ ಗೊತ್ತಾದ ಜೋಡಿ,
ನಡುವೆ ನಾನು, ಹೊಸ ಷರಟಿನ ಮಡಿಕೆಯೊಳಗೆ.

ಬಂತು: ಕಲ್ಲಿನ ಮೇಲೆ ಒಂದೇ ಒಂದು ಕಳಲೆ ಚೂರು,
ಕೆಂಡದಲ್ಲಿ ಸುಟ್ಟದ್ದು, ಮೇಲೆ ಸೂಜಿಮೆಣಸಿನ ಒಂದು ತೊಟ್ಟು.
ನುಂಗಿ ಕಾದೆ, ಊಟಕ್ಕೆ.
ಆಮೇಲೆ ತುಂಗೆಯ ಮೀನು, ಹೆಬ್ಬೆರಳಷ್ಟು,
ಅಪ್ಪೆಮಿಡಿಯ ಸೊನೆ ಘಮ್ಮೆನ್ನುವ ತಿಳಿಯೊಳಗೆ.
ಹೀಗೆ ಒಂದೊಂದೇ ಅಕ್ಷರ ಕೊಟ್ಟರೆ
ಪದ ಯಾವಾಗ ಆದೀತು ಅಂತ ಕೂತಿದ್ದೆ.

ಅಷ್ಟರಲ್ಲಿ ಜಸಿಂತಾಳ ಕೈಯಿಂದ ತಟ್ಟೆ ಜಾರಿತು,
ಕೆಸುವಿನೆಲೆಯ ಸುರುಳಿಗಳು ನೆಲದ ತುಂಬ.
ಹತ್ತೂ ಸ್ಟೂಲು ನೋಡಿದವು.
ಓಡಿಹೋಗಲು ಅವಳಿಗೆ ಒಳಗೆ ಅನ್ನುವುದೇ ಇಲ್ಲ.

ಆ ಬೆನ್ನು ನನಗೆ ಗೊತ್ತು.
ಏಣಿಯ ಮೇಲೆ ನಿಂತು ಮೊಸರನ್ನ ಬರೆಯುವಾಗ
ಒತ್ತು ಮರೆತಿದ್ದೆ. ಕೆಳಗೆ ಸೈಕಲ್ ನಿಲ್ಲಿಸಿ
ಮೇಷ್ಟ್ರೊಬ್ಬರು ಕೂಗಿದರು; ಬಸ್ಸಿಗೆ ಕಾದವರೆಲ್ಲ ತಲೆಯೆತ್ತಿದರು.
ಬೆನ್ನಿಗೂ ಕಿವಿಯಿರುತ್ತದೆ, ಕೆಂಪಾಗುತ್ತದೆ.
ನಾನು ತಿರುಗದೆ ಒತ್ತು ಕೊಟ್ಟಿದ್ದೆ.
ಅವಳೂ ತಿರುಗದೆ ಇನ್ನೊಂದು ತಟ್ಟೆ ತೆಗೆದಳು.

ಕೊನೆಗೆ ಮೂಲೆಯಿಂದ ಎದ್ದರು ಸಾಗರದ ಭಾಗೀರತಕ್ಕ.
ಬೆಂಕಿಯ ಮೇಲೆ ಬೋರಲು ಮಡಕೆ.
ಜೋನಿಬೆಲ್ಲ ಕಲಸಿದ ಅಕ್ಕಿಹಿಟ್ಟಿನಲ್ಲಿ ಬಟ್ಟೆ ಅದ್ದಿ
ಒಂದೇ ಎಳೆತ, ಎಡದಿಂದ ಬಲಕ್ಕೆ.
ಕೈ ನಡುಗಲಿಲ್ಲ ಅನ್ನಲಾರೆ.
ನಡುಗಿತು. ಎಳೆತ ನಡುಗಲಿಲ್ಲ.
ಕಾಗದದಷ್ಟು ತೆಳ್ಳಗೆ ಬಿಡಿಸಿ ಮುಕ್ಕೋನ ಮಡಿಸಿದರು.

ಇದಕ್ಕೇನಂತಾರೆ, ದಂತವೈದ್ಯ ಕೇಳಿದ.
ತೊಡೆದೇವು.
ಅಂದರೆ?
ತೊಡೆಯೂದು. ಬಳಿಯೂದು ಮಾರಾಯ.
ಒರೆಸೂದಕ್ಕೂ ಅದೇ ಮಾತಲ್ವಾ, ಅಂದೆ ನಾನು.
ಅವರು ನನ್ನ ಉಗುರಿನ ಸಂದಿಯ ಹಳದಿಯನ್ನು ನೋಡಿ
ಇನ್ನೊಂದು ಇಟ್ಟರು.
ಬಾಯಲ್ಲಿ ಮುರಿದ ಸದ್ದು,
ಆಮೇಲೆ ಏನೂ ಇಲ್ಲ,
ಆಮೇಲೆ ಏಲಕ್ಕಿ.

ಹೊರಗೆ ಬಂದು ನನ್ನ ಬೋರ್ಡು ನೋಡಿದೆ: ೪೭.
ಏಳರ ಬಾಲ ತುಸು ಅಲುಗಿದೆ. ಇರಲಿ ಬಿಡು.
ಹೊಟ್ಟೆ ಇನ್ನೂ ಅರ್ಧ ಖಾಲಿ;
ಬಸ್‌ಸ್ಟ್ಯಾಂಡಿನ ಕಡೆ ನಡೆದೆ.
ಅಲ್ಲಿ ಗೋಡೆ ತುಂಬ ಫ್ಲೆಕ್ಸು, ಹೊಳೆಯುವ ದೋಸೆಯ ಫೋಟೋ, ದರ.
ಓದಲಿಲ್ಲ.
ಏನಾದ್ರೂ ಕೊಡಪ್ಪ, ಅಂದೆ ಮಾಣಿಗೆ.