ಕೊಯ್ಯಲೇ?

ಕೆಸೀಯಾ, ದೀಪ ಸ್ವಲ್ಪ ಈಚೆಗಿಡು.
ಈ ಕುಡುಗೋಲಿನ ಹಿಡಿ ನೋಡು, ಆಲಿವ್ ಮರದ್ದು.
ನನ್ನ ಹೆಬ್ಬೆರಳು ಕೂತು ಕೂತು ಗುಳಿ ಬಿದ್ದಿದೆ.
ನಿನ್ನ ಬೆರಳಿಟ್ಟು ನೋಡು. ದೊಡ್ಡದಾಯಿತು, ಅಲ್ಲವೇ?

ಆ ವರ್ಷ ಪಾಳಿ ನಮ್ಮದು.
ಹಬ್ಬದ ಮುನ್ನಾದಿನ ಕಿದ್ರೋನ್ ದಾಟಿ ಹೋಗಿ
ಜವೆಗೋದಿಯ ತೆನೆಗಳನ್ನು ನಿಂತ ನಿಲುವಿನಲ್ಲೇ
ಹಿಡಿಹಿಡಿಯಾಗಿ ಕಟ್ಟಿದೆವು.
ಬೇರು ಇನ್ನೂ ಮಣ್ಣಲ್ಲಿ, ಸೊಂಟಕ್ಕೆ ಮಾತ್ರ ಗಂಟು.
ಇಂದು ಕಟ್ಟುವುದು, ನಾಳೆ ರಾತ್ರಿ ಕೊಯ್ಯುವುದು.
ನಡುಹಗಲಿಗೇ ಕತ್ತಲಾಯಿತು.
ಮರುಭೂಮಿಯ ಧೂಳು ಎಂದ ಹನಮೇಲ, ಬಾಯಿಗೆ ಬಟ್ಟೆ ಸುತ್ತಿಕೊಂಡ.
ಊರಗೋಡೆಯಾಚೆ ಮೂವರನ್ನು ಮರಕ್ಕೇರಿಸಿದ್ದಾರೆಂದು
ಯಾರೋ ಹೇಳಿದರು. ರೋಮಿನವರಿಗೆ ಅದೇನು ಹೊಸದೇ?
ನಾನು ಆ ಕಡೆ ತಿರುಗಲಿಲ್ಲ.
ನನ್ನ ತಲೆಯೊಳಗೆ ಇದ್ದದ್ದು ಗಂಟು,
ಮತ್ತೆ ನಿನ್ನ ಚಿಕ್ಕಪ್ಪ ಅಸಾಯೇಲ.

ನೀನವನನ್ನು ಕಂಡಿಲ್ಲ. ಒಂಬತ್ತು ವರ್ಷ.
ಬಿತ್ತನೆಯ ದಿನ ನನ್ನ ಬೆನ್ನಿಗೇ ಬಂದು
ನಾನು ಮುಚ್ಚದೆ ಬಿಟ್ಟ ಕಾಳಿನ ಮೇಲೆ
ಕಾಲಿನಿಂದ ಮಣ್ಣೆಳೆಯುತ್ತಿದ್ದ.
ಆ ಕಾಳು ಮೊಳೆಯುವ ಮೊದಲೇ
ಅವನ ಮೇಲೂ ಕಲ್ಲು ಮುಚ್ಚಿದೆವು.

ಸಬ್ಬತ್ತು ಮುಗಿದ ಸಂಜೆ
ಸುತ್ತಲ ಹಳ್ಳಿಯವರೆಲ್ಲ ಪಂಜು ಹಿಡಿದು ನೆರೆದರು.
ಮೂವರು ನಾವು. ಮೂರು ಕುಡುಗೋಲು, ಮೂರು ಬುಟ್ಟಿ.
ಒಂದೊಂದನ್ನೂ ಮೂರು ಸಲ ಕೇಳಬೇಕು, ಗಟ್ಟಿಯಾಗಿ:
ಹೊತ್ತು ಮುಳುಗಿತೇ?
ಮುಳುಗಿತು!
ಇದೇ ಕುಡುಗೋಲೇ?
ಇದೇ!
ಇದೇ ಬುಟ್ಟಿಯೇ?
ಇದೇ!
ಕೊಯ್ಯಲೇ?
ಕೊಯ್ಯಿ!
ಮೂರನೆಯ ಸಲಕ್ಕೆ ನನ್ನ ದನಿ ಒಡೆಯಿತು.
ಕೊಯ್ಯಿ ಎಂದು ಕೂಗಿದ ಅಷ್ಟು ಜನರಲ್ಲಿ
ನಾನು ಯಾರನ್ನು ಕೇಳುತ್ತಿದ್ದೇನೆಂದು
ಒಬ್ಬರಿಗೂ ತಿಳಿಯಲಿಲ್ಲ.

ರಾತ್ರಿಯೆಲ್ಲ ಬಡಿದು, ಹುರಿದು, ಬೀಸಿ,
ಹದಿಮೂರು ಜರಡಿಯಲ್ಲಿ ಜಾಲಿಸಿದರು.
ಬೆಳಗಾಗುತ್ತಲೇ ಯಾಜಕ ಅದನ್ನು ದೇವರ ಮುಂದೆ ಎತ್ತಿ ಆಡಿಸಿದ.
ಅಷ್ಟಾಗುವವರೆಗೆ ಹೊಸ ಕಾಳು ಬಾಯಿಗಿಡುವಂತಿಲ್ಲ;
ಆಮೇಲೆ ಬೀದಿ ತುಂಬ ಹುರಿಗಾಳಿನ ವಾಸನೆ.
ನಾಲ್ವರಿಗೆಂದು ಕಟ್ಟಿಸಿಕೊಂಡು ಬಂದೆ.
ಮನೆಗೆ ಬಂದ ಮೇಲೆ ನೆನಪಾಯಿತು, ನಾವೀಗ ಮೂವರು.
ನಿನ್ನಜ್ಜಿ ಏನೂ ಅನ್ನಲಿಲ್ಲ.
ಇದ್ದಿಲು ತೆಗೆದುಕೊಂಡು ಗೋಡೆಗೆ ಒಂದು ಗೀರೆಳೆದಳು. ಒಂದು.

ಐವತ್ತನೆಯ ದಿನ ಗೋದಿಯ ಹಬ್ಬ.
ಪಸ್ಕದಲ್ಲಿ ಹುಳಿಯ ಕಣವೂ ಮನೆಯಲ್ಲಿರಬಾರದು,
ಅವತ್ತು ಮಾತ್ರ ಎರಡು ರೊಟ್ಟಿ, ಹುಳಿಹಿಟ್ಟಿನವೇ.
ಶೆಲೋಮಿತ ಮಧ್ಯಾಹ್ನ ಓಡುತ್ತ ಬಂದಳು, ತಲೆವಸ್ತ್ರ ಹೆಗಲಲ್ಲಿ.
ಗಲಿಲಾಯದ ಬೆಸ್ತರು ಮಾತಾಡಿದ್ದು
ಸಿರೇನಿನ ಮುದುಕಿಗೆ ಅವಳ ತಾಯ ನುಡಿಯಲ್ಲೇ ಕೇಳಿಸಿತಂತೆ,
ಮುದುಕಿ ನೆಲಕ್ಕೆ ಕೂತು ಅತ್ತಳಂತೆ.
ಮರಕ್ಕೇರಿಸಿದ ಮೂವರಲ್ಲಿ ನಡುವಿನವನು ಎದ್ದನಂತೆ.
"ಯಾವತ್ತು?" ಎಂದೆ.
"ನೀವು ಸಿವುಡು ಕೊಟ್ಟ ಬೆಳಗ್ಗೆ."

ನನಗೆ ರೇಗಿತು.
ಯಾರ ಮಗನೋ ಎದ್ದರೆ ನಮಗೇನು ಬಂತು?
ಒಬ್ಬನೇ ತಾನೇ?
ಅವಳು ಹಿಟ್ಟು ತಟ್ಟುತ್ತಲೇ ಇದ್ದಳು, ತಲೆಯೆತ್ತದೆ:
"ಹಿಂದೆ ಹೊಲವೇ ಇಲ್ಲದಿದ್ದರೆ
ಅದನ್ನು ಮೊದಲ ಸಿವುಡು ಅಂತೀರಾ ನೀವು?"

ನಾನು ಹೊಲದವನು, ಕೆಸೀಯಾ.
ಶಾಸ್ತ್ರಿಗಳ ವಾದಕ್ಕೆ ಬಗ್ಗುವವನಲ್ಲ.
ಈ ಲೆಕ್ಕಕ್ಕೆ ಮಾತ್ರ ಎದುರು ಹೇಳಲಾಗಲಿಲ್ಲ.
ಆ ಸಂಜೆ ಹುಳಿರೊಟ್ಟಿ ಮುರಿದಳು.
"ನಿಮ್ಮಂಥ ಹುಳಿಯನ್ನೂ ದೇವರು ಎತ್ತಿಕೊಳ್ಳುತ್ತಾನೆ ಇವತ್ತು"
ಎಂದು, ಚಳಿಗಾಲದಿಂದೀಚೆ ಮೊದಲ ಸಲ, ನಕ್ಕಳು.

ಈಗ ದೇವಾಲಯವಿಲ್ಲ. ಕಿದ್ರೋನಿನ ಹೊಲ
ದಂಡಿನ ಕುದುರೆಗಳು ಮೇದು ಹೋದವು.
ಯೊರ್ದನಿನ ಈಚೆ, ಈ ಪೆಲ್ಲಾ ಊರಿನಲ್ಲಿ
ನಿನ್ನಜ್ಜಿಯನ್ನು ಮಲಗಿಸಿದ್ದೇನೆ.
ಗೋಡೆಯ ಗೀರು ಈಗ ನಾನೇ ಎಳೆಯುತ್ತೇನೆ.
ಕೆಲವು ವರ್ಷ ನಂಬಿ ಎಳೆದಿದ್ದೇನೆ,
ಕೆಲವು ವರ್ಷ ಬರೀ ಕೈ ಎಳೆದಿದೆ.

ಇವತ್ತು ಕೇಳುವವನು ನಾನು, ಹೇಳುವವರು ಯಾರೂ ಇಲ್ಲ.
ನೀನು ಕಲಿತುಕೋ. ಸುಲಭ.
ಹೊತ್ತು ಮುಳುಗಿತೇ, ಮಗಳೇ?
ಇನ್ನೂ ಗಟ್ಟಿಯಾಗಿ ಹೇಳು,
ನನಗೆ ಕಿವಿ ಮಂದ.