ಮೂರೆಲಿ ಹುಲ್ಲು

ಶನಿವಾರ. ಹಡರ್ಸ್‌ಫೀಲ್ಡಿನ ಏರು ಬೀದಿ,
ಮನಿ ಕಲ್ಲಿಗೆ ಇನ್ನೂ ಹಳೇ ಗಿರಣಿ ಹೊಗಿಯ ಕಪ್ಪು.
ಮಗಳು ಕೂಸನ್ನ ಇಳಿಸಿ ಹೋದಳು:
"ಐದಕ್ಕ ಬರ್ತೀನಿ ಅವ್ವಾ, ಬಿಸ್ಕೀಟು ಬ್ಯಾಡ."
ಬಾಗಿಲು ಮುಚ್ಚೂದರೊಳಗ ಡಬ್ಬಿ ಮೇಜಿನ ಮ್ಯಾಲ.

ಈಡಿಗೆ ಏಳು ವರ್ಷ. ಮುಂದಿನ ಎರಡು ಹಲ್ಲಿಲ್ಲ.
ನನಗೂ ಇಲ್ಲ; ಹಿಂಗಾಗಿ ಇಬ್ಬರದೂ ದೋಸ್ತಿ.
ಅಕಿ ಕನ್ನಡ ಅಂದ್ರ "ಆಯಿ" ಒಂದೇ,
ಉಳಿದದ್ದೆಲ್ಲಾ ಇಂಗ್ಲೀಷು.

ಬೆರಳಿನ ಗಿಣ್ಣು ಬಾತಾವ.
ಕರಡಿಗಿಯ ಕೊಂಡಿ ನನ್ನ ಮಾತು ಕೇಳವಲ್ದು.
ಎರಡು ದಿನ ಆತು, ಮುಚ್ಚಿದ ಬೆಳ್ಳಿಗೇ ಕೈಮುಗದೀನಿ.
"ಆಯಿ, ನಿನ್ನ ದೇವರು ಕತ್ತಲದಾಗ ಏನು ಮಾಡ್ತಾನ?"
ನಾನೂ ಕೇಳೀನಿ ತಂಗಿ. ಹೇಳಿಲ್ಲ.

ಎಪ್ಪತ್ತೊಂದನೇ ಇಸವಿ. ಹೆರಿಗಿ ವಾರ್ಡು, ರಾತ್ರಿ ಪಾಳಿ.
ಮೇಟ್ರನ್ ನನ್ನ ಕೊರಳು ನೋಡಿ ಅಂದಳು,
ಸರ ಗಿರ ಇಲ್ಲಿ ನಡಿಯೂದಿಲ್ಲ.
ಇದು ಸರ ಅಲ್ಲವಾ ಅನ್ನಾಕ ನನ್ನ ಇಂಗ್ಲೀಷು ಸಾಲಲಿಲ್ಲ.
ಸೇಫ್ಟಿ ಪಿನ್ನಿನಿಂದ ಒಳಅಂಗಿಗೆ ಚುಚ್ಚಿಕೊಂಡೆ.
ಮೂವತ್ತೊಂದು ವರ್ಷ, ಮಂದಿ ಮಕ್ಕಳನ್ನ ಹಿಡಿಯಾಕ ಬಗ್ಗಿದಾಗೊಮ್ಮೆ
ಅದು ಎದಿಗೆ ಟಕ್ಕಂತ ಬಡೀತಿತ್ತು.
ಇದ್ದೀನಿ ಅಂತೋ, ಲಗೂನ ಮಾಡು ಅಂತೋ,
ಇವತ್ತಿಗೂ ಗೊತ್ತಿಲ್ಲ.

ನಮ್ಮವರದು ಗಿರಣ್ಯಾಗ ಹಗಲು ಪಾಳಿ, ನಂದು ರಾತ್ರಿ.
ಹಾಸಿಗಿ ಎಂದೂ ತಣ್ಣಗಾಗಲಿಲ್ಲ,
ಇಬ್ಬರೂ ಕೂಡಿ ಮಲಗಿದ್ದೂ ಕಡಿಮಿ.

ಪತ್ರಿ ಎಲ್ಲಿಂದ ತರೂದು?
ದವಾಖಾನಿ ಹಿತ್ತಲದ ಹುಲ್ಲಿನಾಗ ಒಂದು ಸೊಪ್ಪು,
ಇವರು ಕ್ಲೋವರ್ ಅಂತಾರ. ಮೂರು ಎಲಿ ಅದಾವಲ್ಲ, ಸಾಕಂದೆ.
ಗದಗಿನಿಂದ ನಮ್ಮತ್ತಿ ಕಾಗದ ಬರಿಸಿದಳು:
"ದನದ ಮೇವು ದೇವರಿಗೆ ಏರಸ್ತೀಯೇನ?"
ನಂದಿ ತಿಂದದ್ದನ್ನ ನಂದಿ ಒಡೆಯ ಒಲ್ಲೆ ಅಂದಾನೇನು ಅಂತ ನಾನು ಬರದೆ.
ಆಮ್ಯಾಲ ನಾಕು ತಿಂಗಳು ಕಾಗದ ಇಲ್ಲ.

ಕಸ್ತೂರಿ ಹುಟ್ಟಿದಾಗ ಲಿಂಗ ಪೋಸ್ಟಿನಾಗ ಬಂತು.
ಕಸ್ಟಮ್ಸಿನವರು ಒಡದು ನೋಡಿ, ಮತ್ತ ಅಂಟಿಸಿ,
"ಕಲ್ಲು, ಒಂದು" ಅಂತ ಚೀಟಿ ಹಚ್ಚಿದ್ದರು.
ಐನಾರು ಇಲ್ಲದ ಊರು. ನಾನೇ ಕಟ್ಟಿದೆ.

ಹದಿಮೂರಕ್ಕ ಅಕಿ ಬಿಚ್ಚಿ ಸಾಕ್ಸಿನ ಡ್ರಾವರಿನಾಗ ಇಟ್ಟಳು.
ಈಜಿನ ಕ್ಲಾಸಿನಾಗ ಹುಡುಗ್ಯಾರು ನಕ್ಕಿದ್ದರಂತ.
ನನಗದು ತಿಳಿದದ್ದು ಹತ್ತು ವರ್ಷದ ಮ್ಯಾಲ.
ಅವತ್ತು ಕೇಳಲಿಲ್ಲ. ಹೊಡದೆ.
ರಾತ್ರಿ ಪಾಳಿ ಮುಗಿಸಿ ಬಂದ ಕೈ,
ಒಂದು ತಾಸಿನ ಹಿಂದ
ಯಾರದೋ ಕೂಸಿನ ಹಸಿ ನೆತ್ತಿ ಹಿಡದಿದ್ದ ಕೈ.

ಮಕ್ಕಳನ್ನ ಬೆಳಸೂದು ಹೆಂಗಂತ ಮಂದಿ ನನ್ನ ಕೇಳ್ತಾರ,
ಅಷ್ಟು ಹೆರಿಗಿ ಮಾಡಿಸಿದಾಕಿ ಅಂತ.
ಹೊರಗ ತರೂದು ನನಗ ಗೊತ್ತು.
ಆಮ್ಯಾಲಿಂದು ಬ್ಯಾರೆ ವಾರ್ಡು.

ಕಸ್ತೂರಿಗೆ ದೇವರಿಲ್ಲ. ಇದ್ದಾನಂತ ನನ್ನ ಮುಂದ ನಟಿಸೂದೂ ಇಲ್ಲ.
ಹೋದ ಚಳಿಗಾಲ ಈಡಿಗೆ ಜ್ವರ ಏರಿದ ರಾತ್ರಿ
ಕೈಯಾಗ ಥರ್ಮಾಮೀಟರ್ ಇದ್ದರೂ
ಮುಂಗೈ ಹಚ್ಚಿ ಹಚ್ಚಿ ಕೊರಳು ನೋಡ್ತಿದ್ದಳು,
ತುಟಿಯೊಳಗ ಏನೋ ಎಣಿಸಿಕೋತ.
ಬೆಳಗಿನ ಜಾವ ಮೆಲ್ಲಗ ಕೇಳಿದೆ: ಏನ ಎಣಸ್ತಿದ್ದಿ?
"ಉಸಿರು" ಅಂದಳು.
ನಾನು ಜಪದ ಸರ ಒಳಗಿಟ್ಟೆ.

ಈಡಿ ನಾಲಿಗಿ ಹೊರಗ ಹಾಕಿ ಕೊಂಡಿ ತಿರುವತಾಳ.
ಟಕ್.
ಕರೀ ಕಾಂತಿ, ಅದರಾಗ ಕಿಟಕಿ, ಕಿಟಕ್ಯಾಗ ಮೋಡ.
"ಮುಟ್ಟಲಾ?"
ಬೆರಳಿಗೆ ಬಿಸ್ಕೀಟಿನ ಪುಡಿ ಹತ್ತಿತ್ತು.
ಎಡಗೈ ಚಾಚು ಅಂದೆ, ಬಟ್ಟಲ ಮಾಡಿ. ಹಂಗಲ್ಲ, ಹಿಂಗ.
"ಬೆಚ್ಚಗೈತಿ!"
ಎರಡು ದಿನದಿಂದ ನನ್ನ ಎದಿ ಮ್ಯಾಲಿತ್ತಲ್ಲ, ಅದು ನನ್ನ ಬಿಸಿ,
ಅಂತ ಹೇಳಬೇಕಿತ್ತು. ಹೇಳಲಿಲ್ಲ.

ಲಿಂಗ ನನ್ನ ಅಂಗೈಗೆ ಕೊಟ್ಟು ಹಿತ್ತಲಕ್ಕ ಓಡಿದಳು,
ಮುಟಗಿ ತುಂಬ ಸೊಪ್ಪು ತಂದಳು ಬೇರು ಮಣ್ಣು ಸಮೇತ.
ಒಂದಕ್ಕ ನಾಕು ಎಲಿ ಅದಾವಂತ ಕುಣದಳು.
ಹರದು ನಾಕಾಗ್ಯಾವೋ ಏನೋ, ನನ್ನ ಕಣ್ಣಿಗೆ ಕಾಣವಲ್ದು.
ಅದನ್ನ ಅಮ್ಮಗ ಅಂತ ಕಿಸೇದಾಗ ಇಟ್ಟುಕೊಂಡಳು.
ಉಳಿದದ್ದು ದೇವರಿಗೆ.

ಐದಕ್ಕ ಇನ್ನೂ ಹತ್ತು ಮಿನಿಟು.
ಡಬ್ಬಿ ಎತ್ತಿಡು ತಂಗಿ, ಬಾಯಿ ಒರಸಿಕೋ.