ಹೆಸರಿನ ಕಾಲಂ

ವಾಳಪೈ ಬಸ್‌ಸ್ಟ್ಯಾಂಡಿನಲ್ಲಿ ಸೋಡಾ ಕುಡಿದು
ನಕಾಶೆ ಬಿಚ್ಚಿದೆವು. ಸುರ್ಲದಾಚೆ
ಬರೀ ಹಸಿರು, ಅದರ ಮೇಲೆ ಕಂದು ಗೆರೆ,
ಇಪ್ಪತ್ತು ಮೀಟರಿಗೊಂದು ಸಮೋನ್ನತಿ ರೇಖೆ,
ಯಾರೋ ಹೆಬ್ಬೆಟ್ಟೊತ್ತಿ ಎದ್ದುಹೋದ ಹಾಗೆ.

ದಾರಿ ತೋರಲು ಶೆವಂತಿ ಗಾಂವಕಾರ,
ಅರಣ್ಯ ಇಲಾಖೆಯ ದಿನಗೂಲಿ.
ನನ್ನ ಯಂತ್ರ ಮರಗಳಡಿ ಉಪಗ್ರಹ ಹುಡುಕುತ್ತಿರಲು
ಅವಳು ಸೆರಗಿನ ಗಂಟಿನಲ್ಲಿ
ತಂಬಾಕು ಹುಡುಕಿದಳು.
ಅವಳಿಗೆ ಮೊದಲು ಸಿಕ್ಕಿತು.

‘ಈ ಹಳ್ಳದ ಹೆಸರು?’
‘ಮೇಲೊಂದು ಇದೆ. ಬಾಗಿದಲ್ಲಿ ಇನ್ನೊಂದು.
ಇಲ್ಲಿ, ನಾವು ನಿಂತಲ್ಲಿ, ಇಟ್ಟಿಲ್ಲ.
ಹುಲಿ ನೀರಿಗಿಳಿಯೋ ಜಾಗ.
ಕರೆದರೆ ತಿರುಗಿ ನೋಡುತ್ತೆ.’

ಪುಣೆಯ ಸಾಹೇಬರು ಬಲು ಅಚ್ಚುಕಟ್ಟು,
ಕಾಲಂ ಖಾಲಿ ಬಿಟ್ಟರೆ ಹಾಳೆ ವಾಪಸ್ಸು.
‘ಅನಾಮ’ ಎಂದು ಬರೆದೆ.
ಅರ್ಧ ಗುಡ್ಡ ಇಳಿದ ಮೇಲೆ
ಅದೂ ಒಂದು ಹೆಸರಾಯಿತಲ್ಲ ಅನ್ನಿಸಿ
ಬಂಡೆಯ ಮೇಲೆ ಕೂತು
ರಬ್ಬರಿನಿಂದ ಉಜ್ಜಿದೆ, ಕಾಗದ ತೆಳುವಾಗುವಷ್ಟು.
ಶೆವಂತಿ ಕಾದಳು. ಏನೂ ಕೇಳಲಿಲ್ಲ.

ಮೊನ್ನೆ ಪಣಜಿಯ ಕಚೇರಿಗೆ
ಹಾಳೆ ಮರಳಿ ಬಂತು.
ಎತ್ತರಗಳೆಲ್ಲ ತಾಳೆಯಾಗಿವೆ.
ಆ ತೆಳು ಚೌಕದಲ್ಲಿ ಮಾತ್ರ
ಕೆಂಪು ಶಾಯಿ ಹಿಂಬದಿಗೂ ಇಳಿದಿದೆ:
ಹೆಸರು?

ಓದಿದೆ.
ಜೋರಾಗಿ ಅಲ್ಲ.